ಕಲ್ಲು ಹೋಯಿತು, ತೊಗರಿ ಹೋಯಿತು, ಈಗ ಹುಡುಗರೂ ಹೋದರು: ಕಲ್ಯಾಣ ಕರ್ನಾಟಕದಲ್ಲಿ ಕೆಲಸ ಯಾಕೆ ಹುಟ್ಟುತ್ತಿಲ್ಲ?

ಸೇಡಂ ಹುಡುಗ:

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ವಾಡಿ ಜಂಕ್ಷನ್‌ನಲ್ಲಿ ನನ್ನ ತಮ್ಮನನ್ನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿ ಬಂದೆ. ಜನರಲ್ ಬೋಗಿ ಹಿಂದಿನ ಸ್ಟೇಷನ್‌ಗಳಲ್ಲೇ ತುಂಬಿಕೊಂಡು ಬಂದಿತ್ತು. ಬಾಗಿಲಲ್ಲಿ ನಿಂತಿದ್ದವರು ಮೊದಲು ಅವನ ಬ್ಯಾಗ್ ಎಳೆದುಕೊಂಡರು, ಆಮೇಲೆ ಅವನನ್ನು. ಬ್ಯಾಗಿನಲ್ಲಿ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಾರ್ಕ್ಸ್ ಕಾರ್ಡಿನ ಹತ್ತು ಜೆರಾಕ್ಸ್. ಹೊಸಕೋಟೆ ಹತ್ತಿರ ಒಂದು ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ ಸಿಕ್ಕಿದೆ.

ಅವನು ಓದಿದ್ದು ಬಿಎಸ್ಸಿ ಕೆಮಿಸ್ಟ್ರಿ. ನಮ್ಮ ಸುತ್ತಮುತ್ತ ಇರುವುದೆಲ್ಲ ಸಿಮೆಂಟ್ ಕಾರ್ಖಾನೆ. ಸೇಡಂ, ಮಳಖೇಡ, ವಾಡಿ, ಹೋದಲ್ಲೆಲ್ಲ ಚಿಮಣಿ. ಸಿಮೆಂಟ್ ಕಾರ್ಖಾನೆಯ ಲ್ಯಾಬ್‌ನಲ್ಲಿ ಹಗಲು ರಾತ್ರಿ ನಡೆಯುವುದೇ ಕೆಮಿಸ್ಟ್ರಿ. ಎರಡು ವರ್ಷ ಅರ್ಜಿ ಹಾಕಿದ. ಒಂದು ಕಡೆಯಿಂದಲೂ ಕರೆ ಬರಲಿಲ್ಲ.

ನಾನೂ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಗುತ್ತಿಗೆ ಮೇಲೆ ದುಡಿದವನು. ವರ್ಷಕ್ಕೊಮ್ಮೆ ಗುತ್ತಿಗೆದಾರನ ಹೆಸರು ಬದಲಾಗುತ್ತಿತ್ತು. ಅದೇ ಜಾಗ, ಅದೇ ಕೆಲಸ, ಅದೇ ಧೂಳು. ಆದರೆ ಕಾಗದದಲ್ಲಿ ನಾವು ಪ್ರತಿ ವರ್ಷ ಹೊಸಬರು. ಮೂರು ವರ್ಷ ದುಡಿದರೂ ಅನುಭವ ಪತ್ರ ಅಂತ ಒಂದು ಚೀಟಿ ಕೈಗೆ ಬರಲಿಲ್ಲ.

ಸುಣ್ಣದ ಕಲ್ಲು ಸುಟ್ಟು ಮಾಡುವ, ಅರೆದರೆ ಸಿಮೆಂಟ್ ಆಗುವ ಕ್ಲಿಂಕರ್ ಒಂದು ಟನ್ ಮಾಡಲು ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಆ ಕಲ್ಲೆಲ್ಲ ನಮ್ಮ ನೆಲದ್ದು. ಅದರಿಂದ ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಅಪಾರ್ಟ್‌ಮೆಂಟ್ ಏಳುತ್ತವೆ. ಆ ಅಪಾರ್ಟ್‌ಮೆಂಟ್ ಕಟ್ಟಲು ನಮ್ಮೂರವರೇ ಗುಳೆ ಹೋಗುತ್ತಾರೆ. ಕರ್ನಾಟಕ ಶ್ರೀಮಂತ ರಾಜ್ಯ ಅಂತ ವರ್ಷ ವರ್ಷ ಓದುತ್ತೇವೆ. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿ ಜಿಲ್ಲೆಯದಕ್ಕಿಂತ ಸುಮಾರು ಐದು ಪಟ್ಟು ಜಾಸ್ತಿ. ಒಂದೇ ರಾಜ್ಯ, ಒಂದೇ ಬಜೆಟ್. ನಮ್ಮ ಕಡೆ ಕೆಲಸ ಯಾಕೆ ಹುಟ್ಟುತ್ತಿಲ್ಲ? ಬಯ್ಯಬೇಡಿ, ಪಕ್ಷದ ಜಗಳ ಬೇಡ. ಗೊತ್ತಿದ್ದದ್ದನ್ನು ಹೇಳಿ.


ವೈಟ್‌ಫೀಲ್ಡ್ ಕನ್ನಡಿಗ:

ಸೇಡಂ ಅವರೇ, ಓದಿ ಬೇಜಾರಾಯಿತು. ನಾನು ಹಾಸನದವನು, ಹದಿನೈದು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಕಂಪನಿಗಳು ಸರ್ಕಾರ ಹೇಳಿದ ಕಡೆ ಹೋಗುವುದಿಲ್ಲ. ಕೆಲಸ ಗೊತ್ತಿರುವ ಜನ ಸಿಗುವ ಕಡೆ ಹೋಗುತ್ತವೆ. ಒಬ್ಬ ಇಂಜಿನಿಯರ್ ಬೆಂಗಳೂರಿನಲ್ಲಿ ಕೆಲಸ ಬಿಟ್ಟರೆ ಅದೇ ರಸ್ತೆಯಲ್ಲಿ ಇನ್ನೊಂದು ಆಫೀಸ್ ಸಿಗುತ್ತದೆ. ಹೆಂಡತಿಗೂ ಕೆಲಸ ಸಿಗುತ್ತದೆ. ಮಕ್ಕಳಿಗೆ ಶಾಲೆ ಸಿಗುತ್ತದೆ. ಕಲಬುರಗಿಯಲ್ಲಿ ಆ ಕಂಪನಿ ಮುಚ್ಚಿದರೆ ಅವನ ಗತಿ ಏನು? ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾಯಿತು. ವಿಮಾನ ನಿಲ್ದಾಣ ಬಂದ ಮಾತ್ರಕ್ಕೆ ಆಫೀಸುಗಳು ಬರಲಿಲ್ಲ, ಅಲ್ವಾ?

ಇನ್ನೊಂದು ಮಾತು. ಮೊದಲು ಓದು ಸರಿಯಾಗಬೇಕು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91ರ ಮೇಲೆ, ಕಲಬುರಗಿ ಶೇ 42ರ ಆಸುಪಾಸು, ರಾಜ್ಯಕ್ಕೇ ಕೊನೆ. ಅದರ ಹಿಂದಿನ ವರ್ಷ ಯಾದಗಿರಿ ಕೊನೆ. ಹತ್ತನೇ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ನಿಂತುಹೋದರೆ ಯಾವ ಕಾರ್ಖಾನೆ ಬಂದು ಯಾರಿಗೆ ಕೆಲಸ ಕೊಡಬೇಕು?


ದೇವದುರ್ಗ ಮಾಸ್ತರ್:

ವೈಟ್‌ಫೀಲ್ಡ್ ಸರ್, ನೀವು ಹೇಳಿದ ಶೇಕಡಾ ಲೆಕ್ಕ ಸರಿ. ಆ ಲೆಕ್ಕದ ಹಿಂದಿನ ಹಾಜರಿ ಪುಸ್ತಕ ನನ್ನ ಟೇಬಲ್ ಮೇಲಿದೆ. ಅದರ ಬಗ್ಗೆ ಹೇಳುತ್ತೇನೆ.

ನಮ್ಮದು ಪ್ರಾಥಮಿಕ ಶಾಲೆ. ಜೂನ್‌ನಲ್ಲಿ ಐದನೇ ಕ್ಲಾಸಿಗೆ 34 ಮಕ್ಕಳು. ದಸರಾ ರಜೆ ಮುಗಿಸಿ ಬಂದಾಗ 29. ತೊಗರಿ ರಾಶಿ, ಹತ್ತಿ ಬಿಡಿಸುವುದು ಮುಗಿದ ಮೇಲೆ ಹೊಲದಲ್ಲಿ ಕೆಲಸವಿಲ್ಲ. ಆಗ ದೂರದ ಊರಿನ ಕಟ್ಟಡ ಕೆಲಸಕ್ಕೆ ಜನ ಕರೆದೊಯ್ಯುವ ಮೇಸ್ತ್ರಿ ಬರುತ್ತಾನೆ. ಗಂಡ ಹೆಂಡತಿ ಜೋಡಿಗೆ ಇಷ್ಟು ಅಂತ ಮುಂಗಡ ಕೊಡುತ್ತಾನೆ. ಆ ದುಡ್ಡು ಮನೆಯ ಸಾಲಕ್ಕೋ ಮದುವೆಗೋ ಹೋಗಿಬಿಡುತ್ತದೆ. ಆಮೇಲೆ ಹೋಗಲೇಬೇಕು. ಟೆಂಪೋ ಬೆಳಗಿನ ಜಾವ ಬರುತ್ತದೆ. ಬುಟ್ಟಿ, ಹಾಸಿಗೆ, ಒಲೆಯ ತಗಡು, ಒಂದು ಚೀಲ ಜೋಳ, ಮಕ್ಕಳು. ಮುದುಕರು ಮಾತ್ರ ಊರಿನಲ್ಲಿ. ಜನವರಿಯಲ್ಲಿ ನನ್ನ ಕ್ಲಾಸಿನಲ್ಲಿ 17 ಮಕ್ಕಳಿದ್ದರು.

ಹೋದ ವರ್ಷ ಒಬ್ಬ ಹುಡುಗಿ ಲೆಕ್ಕದಲ್ಲಿ ತುಂಬಾ ಚುರುಕು. ಭಿನ್ನರಾಶಿ ಬಾಯಲ್ಲೇ ಮಾಡುತ್ತಿದ್ದಳು. ಅವಳ ಅಪ್ಪ ಅವ್ವ ಬೆಂಗಳೂರಿಗೆ ಹೊರಟಾಗ ಒಂದೂವರೆ ವರ್ಷದ ತಮ್ಮನನ್ನು ನೋಡಿಕೊಳ್ಳಲು ಇವಳೂ ಹೋದಳು. ಮೇ ತಿಂಗಳಲ್ಲಿ ವಾಪಸ್ ಬಂದಾಗ ಕೈ ನೋಡಿದೆ. ಸಿಮೆಂಟ್ ತಾಗಿ ಬೆರಳಿನ ಸಂದು ಒಡೆದಿತ್ತು. ಆರನೇ ಕ್ಲಾಸಿಗೆ ಬಂದಳು, ಆದರೆ ಮೊದಲಿನಂತೆ ಕೈ ಎತ್ತುವುದಿಲ್ಲ.

ಹಾಗಾಗಿ ಓದಿಲ್ಲ, ಅದಕ್ಕೆ ಕೆಲಸವಿಲ್ಲ ಅನ್ನುವುದು ಅರ್ಧ ಮಾತು ಸರ್. ಊರಿನಲ್ಲಿ ಕೆಲಸವಿಲ್ಲ, ಅದಕ್ಕೇ ಓದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಹೇಳಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಪಟ್ಟಿಯ ತೀರ ಕೆಳಗೆ ಇದ್ದದ್ದು ನಮ್ಮ ದೇವದುರ್ಗ. ನಾನು ಆಗ ಹೊಸದಾಗಿ ನೌಕರಿಗೆ ಸೇರಿದ್ದೆ. ಈಗ ನಿವೃತ್ತಿ ಹತ್ತಿರ ಬಂದಿದೆ. ಆಗ ನನ್ನ ಕ್ಲಾಸಿನಲ್ಲಿದ್ದವರ ಮಕ್ಕಳು ಈಗ ನನ್ನ ಕ್ಲಾಸಿನಲ್ಲಿದ್ದಾರೆ. ಅವರೂ ಅದೇ ಟೆಂಪೋ ಹತ್ತುತ್ತಿದ್ದಾರೆ.


ಬೀದರ್‌ನವ:

ನಮಗೆ ಹೈದರಾಬಾದ್ ಹತ್ತಿರ, ಬೆಂಗಳೂರು ಸುಮಾರು 700 ಕಿ.ಮೀ. ದೂರ. ನಮ್ಮ ಓಣಿಯ ಹುಡುಗರೆಲ್ಲ ಹೈದರಾಬಾದ್‌ನಲ್ಲೇ. ಆಸ್ಪತ್ರೆಗೂ ಅಲ್ಲಿಗೇ, ಮದುವೆ ಬಟ್ಟೆಗೂ ಅಲ್ಲಿಗೇ. ಇಲ್ಲಿ ದುಡಿದದ್ದನ್ನೂ ಅಲ್ಲೇ ಖರ್ಚು ಮಾಡುತ್ತೇವೆ. ಹಾಗಾದರೆ ಬೀದರ್ ಅಂಗಡಿಯವನಿಗೆ ವ್ಯಾಪಾರ ಎಲ್ಲಿಂದ ಬರಬೇಕು?


ದಾಲ್ ಮಿಲ್:

ಕಲಬುರಗಿಯಲ್ಲಿ ನಮ್ಮದು ಮೂರನೇ ತಲೆಮಾರಿನ ದಾಲ್ ಮಿಲ್. ತೊಗರಿ ಕಣಜ ಅಂತ ನಮ್ಮ ಜಿಲ್ಲೆಗೆ ಹೆಸರು. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಅನ್ನುವ ಗುರುತು ಕೂಡ ಬಂತು. ಬೇಳೆ ಒಡೆಯುವ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಆಗ ಕೆಲಸ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಾಯುತ್ತದೆ ಅಂತ ಗೊತ್ತಾಗುತ್ತದೆ.

ತೊಗರಿ ಮೊದಲು ಜರಡಿಗೆ. ಮಣ್ಣು, ಕಡ್ಡಿ, ಕಲ್ಲು ಬೇರೆಯಾಗಬೇಕು. ಆಮೇಲೆ ಕಾಳಿನ ಮೈ ಸ್ವಲ್ಪ ಗೀಚಿ, ಎಣ್ಣೆ ಹಚ್ಚಿ, ರಾತ್ರಿಯಿಡೀ ರಾಶಿ ಹಾಕಿ ಬಿಡಬೇಕು. ಮರುದಿನ ಬಿಸಿಲಿಗೆ. ನಮ್ಮ ಕಲಬುರಗಿ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಎರಡು ಮೂರು ದಿನ ಒಣಗಿಸಿ, ನೀರು ಚಿಮುಕಿಸಿ, ಮತ್ತೆ ಒಣಗಿಸಿ ಒಡೆಯಬೇಕು. ಕ್ವಿಂಟಲ್ ತೊಗರಿಗೆ 70 ಕಿಲೋ ಚಿಲ್ಲರೆ ಬೇಳೆ. ಉಳಿದದ್ದು ನುಚ್ಚು ಮತ್ತು ಹೊಟ್ಟು. ಅದು ದನದ ಮೇವಿಗೆ ಹೋಗುತ್ತದೆ. ನನ್ನ ಅಜ್ಜನ ಕಾಲದಲ್ಲಿ ಅಂಗಳದಲ್ಲಿ ನಲವತ್ತು ಹೆಣ್ಣುಮಕ್ಕಳು ಬೇಳೆ ಆರಿಸುತ್ತಿದ್ದರು. ಈಗ ಆ ಕೆಲಸ ಬಣ್ಣ ನೋಡಿ ಆರಿಸುವ ಒಂದು ಮಷೀನ್ ಮಾಡುತ್ತದೆ. ಅದನ್ನು ಹಾಕದಿದ್ದರೆ ನಮ್ಮ ಮಾಲನ್ನು ದೊಡ್ಡ ಖರೀದಿದಾರರು ಮುಟ್ಟುವುದಿಲ್ಲ. ನಾನೂ ಹಾಕಿದೆ. ಆ ಹೆಣ್ಣುಮಕ್ಕಳಲ್ಲಿ ಕೆಲವರ ಮೊಮ್ಮಕ್ಕಳು ಇವತ್ತಿಗೂ ಕೆಲಸ ಕೇಳಿಕೊಂಡು ಬರುತ್ತಾರೆ. ಇಲ್ಲ ಅನ್ನಲು ಸಂಕಟವಾಗುತ್ತದೆ.

ಇನ್ನು ಬೆಲೆಯ ಮಾತು. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮೇಲಿದ್ದ ಮಿತಿ ತೆಗೆದರು. ಆ ವಿನಾಯಿತಿಯನ್ನು ವಿಸ್ತರಿಸುತ್ತಲೇ ಬಂದರು. ಮೊಜಾಂಬಿಕ್, ಮ್ಯಾನ್ಮಾರ್ ಕಡೆಯಿಂದ ಬಂದ ತೊಗರಿ ಬಂದರಿನಲ್ಲಿ ಇಳಿಯುತ್ತದೆ. ಬಂದರಿನ ಹತ್ತಿರ ಇರುವ ಮಿಲ್‌ನವರಿಗೆ ಅದು ಅಗ್ಗ. ನಮ್ಮ ರೈತನ ತೊಗರಿ ಅಡತಿ ಅಂಗಡಿಗೆ ಬರುವ ಹೊತ್ತಿಗೆ ಬೆಲೆ ಬಿದ್ದಿರುತ್ತದೆ. 2024-25ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ಮಾರುಕಟ್ಟೆ ಅದಕ್ಕಿಂತ ಕೆಳಗೆ ಇಳಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಬೇಕಾಯಿತು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿ ನಿಂತದ್ದನ್ನು ನಮ್ಮ ರೈತರು ಇನ್ನೂ ಮರೆತಿಲ್ಲ.

ನನ್ನ ಅಪ್ಪ ಸೀಸನ್‌ನಲ್ಲಿ ಮೂರು ಪಾಳಿ ನಡೆಸುತ್ತಿದ್ದರು. ನಾನು ಒಂದು ಪಾಳಿ ನಡೆಸಲು ಒದ್ದಾಡುತ್ತಿದ್ದೇನೆ. ಕರೆಂಟ್ ಬಿಲ್, ಬ್ಯಾಂಕ್ ಬಡ್ಡಿ, ಲಾರಿ ಬಾಡಿಗೆ. ನಮ್ಮ ಎಪಿಎಂಸಿಯಿಂದ ಕಾಳು ಲಾರಿ ಹತ್ತಿ ಲಾತೂರು ಕಡೆ ಹೋಗುತ್ತದೆ, ಅಲ್ಲಿ ಒಡೆದು ಬೇಳೆಯಾಗುತ್ತದೆ. ಅದೇ ಬೇಳೆ ಪಾಕೆಟ್ ಆಗಿ ನಮ್ಮ ಅಂಗಡಿಗೇ ವಾಪಸ್ ಬರುತ್ತದೆ. ಆ ಪಾಕೆಟ್ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.


ಪಾವಗಡದವ:

ಇದು ಬರೀ ಉತ್ತರದ ಕಥೆ ಅಲ್ಲ ಅಂತ ಹೇಳೋಣ ಅನ್ನಿಸಿತು. ಮಾಸ್ತರ್ ಹೇಳಿದ ಆ 39 ತಾಲ್ಲೂಕುಗಳಲ್ಲಿ 13 ನಮ್ಮ ದಕ್ಷಿಣದವೇ.

ನಮ್ಮ ಪಾವಗಡದಲ್ಲಿ ದೇಶವೇ ತಿರುಗಿ ನೋಡುವ ಸೋಲಾರ್ ಪಾರ್ಕ್ ಇದೆ. 2,050 ಮೆಗಾವಾಟ್. ಐದು ಊರಿನ ಸುಮಾರು 13,000 ಎಕರೆ. ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆಯೇ ಇಲ್ಲದ ಊರಿನಲ್ಲಿ ಜಮೀನಿದ್ದವರಿಗೆ ಅದು ದೇವರು ಕೊಟ್ಟ ಹಾಗೆ. ನಮ್ಮ ಮಾವನಿಗೆ ಹತ್ತು ಎಕರೆ ಇತ್ತು, ಸಾಲ ತೀರಿತು. ಅದನ್ನು ನಾನು ಯಾವತ್ತೂ ಕೆಟ್ಟದ್ದು ಅನ್ನುವುದಿಲ್ಲ.

ಆದರೆ ಆ ಹೊಲದಲ್ಲಿ ಶೇಂಗಾ ಕೀಳಲು ಹೋಗುತ್ತಿದ್ದ ಜಮೀನಿಲ್ಲದವರಿಗೆ ಏನು ಸಿಕ್ಕಿತು? ಪ್ಯಾನೆಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಸೆಕ್ಯೂರಿಟಿ. ಅದೂ ಕೆಲವರಿಗೆ. ಕುರಿ ಮೇಯಿಸಲು ಜಾಗವಿಲ್ಲ ಅಂತ ಕುರಿ ಮಾರಿದವರಿದ್ದಾರೆ. ಕರೆಂಟ್ ತಂತಿ ಮೇಲೆ ಹೊರಟು ಹೋಗುತ್ತದೆ. ಸೇಡಂ ಅವರೇ, ನಿಮ್ಮ ಕಲ್ಲು ಹೋದ ಹಾಗೆ ನಮ್ಮ ಬಿಸಿಲು ಹೋಯಿತು. ಹೂಡಿಕೆ ಎಷ್ಟು ಕೋಟಿ ಅಂತ ಕೇಳುವುದನ್ನು ಬಿಟ್ಟು, ಆ ಕೋಟಿಗೆ ಎಷ್ಟು ಜನಕ್ಕೆ ಕಾಯಂ ಕೆಲಸ ಅಂತ ಕೇಳಬೇಕು. 2025ರ ಫೆಬ್ರವರಿಯ ಹೂಡಿಕೆದಾರರ ಸಮಾವೇಶದಲ್ಲಿ ಹತ್ತು ಲಕ್ಷ ಕೋಟಿಗೂ ಮೇಲಿನ ಮಾತುಕತೆ ಆಯಿತು ಅಂತ ಪೇಪರ್ ತುಂಬಾ ಬಂತು. ನಾನು ಆ ಸುದ್ದಿಯಲ್ಲಿ ಕೆಲಸದ ಸಂಖ್ಯೆಯನ್ನೇ ಹುಡುಕುತ್ತಿದ್ದೆ.


ಮಂಗಳೂರು ಅಕ್ಕ:

ನಾನು ಬ್ಯಾಂಕಿನಲ್ಲಿ 33 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ರಾಯಚೂರಿನಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿನ ಜನ ನನ್ನನ್ನು ಮನೆ ಮಗಳ ಹಾಗೆ ನೋಡಿಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳೂರನ್ನು ಎಲ್ಲರೂ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಹೊಗಳುತ್ತಾರೆ. ನನಗೆ ಕಾಣುವ ಕಾರಣ ಇನ್ನೊಂದು. ನಮ್ಮ ಕರಾವಳಿಯಲ್ಲಿ ನೂರು ವರ್ಷದ ಹಿಂದೆಯೇ ಬ್ಯಾಂಕುಗಳು ಹುಟ್ಟಿದವು. ಕೆನರಾ ಮತ್ತು ಕಾರ್ಪೊರೇಷನ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿದರು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದ. ಬೀಡಿ ಕಟ್ಟುವವಳ ಎರಡಾಣೆ ಸೇರಿ ಸೇರಿ ಪಕ್ಕದ ಬೀದಿಯ ಹೆಂಚಿನ ವ್ಯಾಪಾರಿಗೆ ಸಾಲವಾಯಿತು. ಊರಿನ ದುಡ್ಡು ಊರಿನಲ್ಲೇ ಸುತ್ತಿತು.

ಅದೇ ಕಾಲಕ್ಕೆ ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಆಡಳಿತದಲ್ಲಿದ್ದವು. ಜಮೀನು ಜಹಗೀರುದಾರರ ಕೈಯಲ್ಲಿ. ಆಡಳಿತ ಉರ್ದುವಿನಲ್ಲಿ, ಕನ್ನಡ ಶಾಲೆ ಕಡಿಮೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ರಾಜ್ಯ ಒಂದಾಯಿತು. ಅಷ್ಟು ಹೊತ್ತಿಗೆ ನಾವು ಐವತ್ತು ವರ್ಷ ಮುಂದೆ ಹೋಗಿದ್ದೆವು. ಅದು ನಮ್ಮ ಜಾಣತನ ಮಾತ್ರ ಅಲ್ಲ.

ರಾಯಚೂರಿನ ಬ್ರಾಂಚಿನಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಹತ್ತಿ ಮಾರಿದ ದುಡ್ಡು ಡಿಪಾಸಿಟ್ ಆಗಿ ಬರುತ್ತಿತ್ತು. ಅಲ್ಲಿನ ಹುಡುಗ ಎಣ್ಣೆ ಗಾಣಕ್ಕೋ ಹೊಲಿಗೆ ಘಟಕಕ್ಕೋ ಸಾಲ ಕೇಳಿದರೆ, ಜಾಮೀನು ಎಲ್ಲಿ, ಮೂರು ವರ್ಷದ ಲೆಕ್ಕ ಎಲ್ಲಿ ಅಂತ ಕಾಗದ ಕೇಳುತ್ತಿದ್ದೆವು. ಮೊದಲ ಸಲ ಅಂಗಡಿ ಹಾಕುವವನ ಹತ್ತಿರ ಮೂರು ವರ್ಷದ ಲೆಕ್ಕ ಎಲ್ಲಿರುತ್ತದೆ? ಎಷ್ಟೋ ಅರ್ಜಿಗಳನ್ನು ನಾನೇ ವಾಪಸ್ ಕಳಿಸಿದ್ದೇನೆ. ನಿಯಮ ಹಾಗಿತ್ತು. ಆದರೂ ಆ ಮುಖಗಳು ಈಗ ನೆನಪಾಗುತ್ತವೆ. ಒಬ್ಬ ಮಾನ್ವಿಯ ಹುಡುಗ ಮೂರು ಸಲ ಬಂದಿದ್ದ. ನಾಲ್ಕನೇ ಸಲ ಬಂದದ್ದು ಖಾತೆ ಮುಚ್ಚಲು. ಪುಣೆಗೆ ಹೋಗುತ್ತಿದ್ದೇನೆ ಮೇಡಂ ಅಂದ.


ಸೇಡಂ ಹುಡುಗ:

ಅಕ್ಕಾವ್ರೇ, ಇಷ್ಟು ಮನಸ್ಸು ಬಿಚ್ಚಿ ಯಾರೂ ಹೇಳುವುದಿಲ್ಲ. ಥ್ಯಾಂಕ್ಸ್. ನನ್ನ ಅಪ್ಪ ಫರ್ಸಿ ಕಲ್ಲಿನ ಪಾಲಿಶ್ ಮಷೀನ್ ಹಾಕಬೇಕು ಅಂತ ಇದ್ದರು. ಶಹಾಬಾದ್ ಕಲ್ಲು ಅಂದರೆ ಒಂದು ಕಾಲದಲ್ಲಿ ಮನೆ ಮನೆಯ ನೆಲಕ್ಕೂ ಅದೇ. ಟೈಲ್ಸ್ ಬಂದ ಮೇಲೆ ಗಣಿಗಳು ಒಂದೊಂದಾಗಿ ನಿಂತವು. ಪಾಲಿಶ್ ಮಾಡಿ, ಅಳತೆಗೆ ಕತ್ತರಿಸಿ ಕೊಟ್ಟಿದ್ದರೆ ಉಳಿಯುತ್ತಿತ್ತೋ ಏನೋ. ಬ್ಯಾಂಕಿಗೆ ಅಲೆದು ಅಲೆದು ಬಿಟ್ಟರು.


ವೈಟ್‌ಫೀಲ್ಡ್ ಕನ್ನಡಿಗ:

ಮೇಷ್ಟ್ರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನು ವಾಸವಿರುವ ಅಪಾರ್ಟ್‌ಮೆಂಟಿನ ಪಕ್ಕದ ಸೈಟಿನಲ್ಲಿ ನೀಲಿ ಟಾರ್ಪಾಲ್ ಶೆಡ್‌ಗಳಿವೆ. ಇವತ್ತು ಬೆಳಿಗ್ಗೆ ಹೋಗಿ ಮಾತಾಡಿಸಿದೆ. ಯಾದಗಿರಿ ಕಡೆಯವರು. ಐದು ವರ್ಷದಿಂದ ಕಿಟಕಿಯಿಂದ ನೋಡುತ್ತಿದ್ದರೂ ಯಾವ ಊರು ಅಂತ ಕೇಳಿರಲಿಲ್ಲ. ನನ್ನ ಮಾತು ಅರ್ಧ ಮಾತಾಗಿತ್ತು, ಒಪ್ಪುತ್ತೇನೆ.

ಒಂದು ಅನುಮಾನ ಮಾತ್ರ ಉಳಿದಿದೆ. ಕೇಂದ್ರದ ಸಮೀಕ್ಷೆ ಪ್ರಕಾರ 2023-24ರಲ್ಲಿ ದೇಶದ ನಿರುದ್ಯೋಗ ಪ್ರಮಾಣ ಶೇ 3.2. ಕರ್ನಾಟಕದ್ದು ಅದಕ್ಕಿಂತಲೂ ಕಡಿಮೆ. ಇಷ್ಟು ಜನಕ್ಕೆ ಕೆಲಸವಿಲ್ಲ ಅಂದರೆ ಆ ಲೆಕ್ಕದಲ್ಲಿ ಯಾಕೆ ಕಾಣುವುದಿಲ್ಲ?


ದೇವದುರ್ಗ ಮಾಸ್ತರ್:

ಕೇಳಿದ್ದು ಒಳ್ಳೆಯದಾಯಿತು ಸರ್. ಆ ಲೆಕ್ಕದಲ್ಲಿ ವರ್ಷದಲ್ಲಿ 30 ದಿನ ಏನಾದರೂ ಕೆಲಸ ಮಾಡಿದವರೂ ಕೆಲಸದಲ್ಲಿ ಇದ್ದವರೇ. ಅಪ್ಪನ ಹೊಲದಲ್ಲಿ ಸಂಬಳವಿಲ್ಲದೆ ಕಳೆ ಕಿತ್ತ ಮಗಳೂ ಕೆಲಸದಲ್ಲಿ ಇದ್ದವಳೇ. ಗುಳೆ ಹೋದವನಂತೂ ಪೂರ್ತಿ ಕೆಲಸದಲ್ಲಿದ್ದಾನೆ. ಬಡವನಿಗೆ ಸುಮ್ನೆ ಕೂರುವ ಅನುಕೂಲ ಎಲ್ಲಿದೆ? ಏನೋ ಒಂದು ಮಾಡಲೇಬೇಕು. ನಿರುದ್ಯೋಗಿ ಅಂತ ಲೆಕ್ಕಕ್ಕೆ ಸಿಗುವುದು ಓದಿ, ಮನೆಯವರ ಆಸರೆಯಲ್ಲಿ ಕಾಯುತ್ತಿರುವವರು. ನಮ್ಮ ಕಡೆ ಇರುವ ಕಷ್ಟ ಬೇರೆ. ಕೆಲಸ ಇದೆ, ಆದರೆ ಅದರಲ್ಲಿ ಬದುಕು ನಡೆಯುವುದಿಲ್ಲ.


ಲಿಂಗಸುಗೂರು, ಸದ್ಯ ಧಾರವಾಡ:

ಮಾಸ್ತರ್ ಹೇಳಿದ ಆ ಕಾಯುತ್ತಿರುವವರಲ್ಲಿ ನಾನೂ ಒಬ್ಬ. ವಯಸ್ಸು 31. ಒಂದು ರೂಮಿನಲ್ಲಿ ನಾಲ್ವರು. ಬೆಳಿಗ್ಗೆ ಆರಕ್ಕೆ ಲೈಬ್ರರಿ, ರಾತ್ರಿ ಹತ್ತಕ್ಕೆ ವಾಪಸ್. ಆರು ವರ್ಷವಾಯಿತು.

ಸರ್ಕಾರಿ ನೌಕರಿಯ ಹುಚ್ಚು ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಬಿಟ್ಟು ಏನು ಮಾಡಬೇಕು? ಸೇಡಂ ಅಣ್ಣ ಬರೆದ ಹಾಗೆ ಗುತ್ತಿಗೆ ಕೆಲಸ, ಇಲ್ಲವೇ ಗೋದಾಮು. ನಮ್ಮ ಊರಿನಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ಬರುವ ಮನೆ ಅಂದರೆ ಮಾಸ್ತರ್ ಮನೆ, ಕಂಡಕ್ಟರ್ ಮನೆ, ಪೊಲೀಸ್ ಮನೆ. ಕಣ್ಣಿಗೆ ಕಾಣುವ ಆಸರೆ ಅದೊಂದೇ.

ನಮ್ಮ ಭಾಗದವರಿಗೆ ನೌಕರಿ, ಓದಿನಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಊರಲ್ಲಿ ಪಟಾಕಿ ಹೊಡೆದಿದ್ದೆವು. ವೈಜನಾಥ ಪಾಟೀಲರು ಅದಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದ್ದರು. ನಮ್ಮ ಭಾಗದ ಹುದ್ದೆಗಳಲ್ಲಿ ಎ ಮತ್ತು ಬಿ ಗ್ರೂಪ್‌ಗೆ ಶೇ 75, ಸಿ ಗ್ರೂಪ್‌ಗೆ ಶೇ 80, ಡಿ ಗ್ರೂಪ್‌ಗೆ ಶೇ 85 ಸ್ಥಳೀಯರಿಗೆ. ರಾಜ್ಯದ ಉಳಿದ ಕಡೆ ಶೇ 8. ಕಾನೂನು ಒಳ್ಳೆಯದೇ. ಓದಿನ ಸೀಟಿನಲ್ಲಿ ನಿಜವಾಗಿ ಉಪಯೋಗವಾಗಿದೆ. ನನ್ನ ಅತ್ತೆಯ ಮಗಳು ಇದರಿಂದಲೇ ಡಾಕ್ಟರ್ ಆದಳು. ಆದರೆ ನೇಮಕಾತಿಯೇ ನಡೆಯದಿದ್ದರೆ ಶೇ 80 ಯಾವುದರ ಮೇಲೆ ಹಾಕುವುದು? ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಹುದ್ದೆ ಖಾಲಿ ಇವೆ.

545 ಪಿಎಸ್ಐ ಹುದ್ದೆಗೆ 2021ರಲ್ಲಿ ಪರೀಕ್ಷೆ ಬರೆದೆ. ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಈ ನಡುವೆ ಹೋದ ವಯಸ್ಸನ್ನು ಯಾರು ವಾಪಸ್ ಕೊಡುತ್ತಾರೆ? ಅಪ್ಪ ತಿಂಗಳಿಗೆ ಆರು ಸಾವಿರ ಕಳಿಸುತ್ತಾರೆ. ಆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನಾನು ಕೇಳುವುದನ್ನು ನಿಲ್ಲಿಸಿದ್ದೇನೆ. ಕೇಳಿದರೆ ಉತ್ತರ ತಡೆದುಕೊಳ್ಳಲು ಆಗುವುದಿಲ್ಲ.


ತುಮಕೂರು ರಸ್ತೆ:

ಸರ್ಕಾರ ಎಲ್ಲಾ ದುಡ್ಡು ಗ್ಯಾರಂಟಿ ಯೋಜನೆಗಳಿಗೆ ಹಾಕಿದರೆ ಕಾರ್ಖಾನೆ ಎಲ್ಲಿಂದ ಬರುತ್ತದೆ? ಪುಕ್ಕಟೆ ಕೊಟ್ಟರೆ ಜನ ದುಡಿಯುವುದನ್ನೇ ಬಿಡುತ್ತಾರೆ.


ಸಿಂಧನೂರು ಅವ್ವ:

ತಮ್ಮಾ, ನಾನು ಭತ್ತದ ನಾಟಿಗೆ, ಮೆಣಸಿನಕಾಯಿ ಬಿಡಿಸಲು ಹೋಗುವವಳು. ಮಗಳು ಬರೆದು ಹಾಕುತ್ತಿದ್ದಾಳೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ಮೇಲೆ ನಾನು ಕೆಲಸ ಬಿಟ್ಟಿಲ್ಲ. ಮಗಳ ಪಿಯುಸಿ ಫೀಸ್ ಕಟ್ಟಿದೆ. ಬಸ್ ಫ್ರೀ ಆದ ಮೇಲೆ ಕೂಲಿ ಜಾಸ್ತಿ ಇರುವ ದೂರದ ಊರಿಗೂ ಹೋಗುತ್ತೇನೆ. ದುಡಿಯುವುದನ್ನು ಬಿಡುತ್ತಾರೆ ಅಂತ ಇನ್ನೊಮ್ಮೆ ಅನ್ನಬೇಡ. ನಮಗೂ ಎರಡು ಸಾವಿರಕ್ಕಿಂತ ಮಗಳಿಗೆ ಊರಲ್ಲೇ ಒಂದು ನೌಕರಿ ಸಿಕ್ಕರೆ ಜಾಸ್ತಿ ಖುಷಿ.


ತುಮಕೂರು ರಸ್ತೆ:

ತಪ್ಪಾಯಿತು ಅಮ್ಮ. ಕೋಪದಲ್ಲಿ ಬರೆದೆ.


ಕುಡಿತಿನಿ ಹತ್ತಿರದವ:

ಬಳ್ಳಾರಿಯ ಮಾತು ಯಾರೂ ಎತ್ತಲಿಲ್ಲ. ಕಾರ್ಖಾನೆ ಬಂದರೆ ಎಲ್ಲಾ ಸರಿಹೋಗುತ್ತದೆ ಅನ್ನುವವರು ನಮ್ಮ ಕಡೆ ಬಂದು ನೋಡಬೇಕು. 2010ರ ಸುಮಾರಿಗೆ ಮೂರು ದೊಡ್ಡ ಉಕ್ಕಿನ ಕಾರ್ಖಾನೆ ಬರುತ್ತವೆ ಅಂತ ಕುಡಿತಿನಿ ಸುತ್ತಲಿನ ಸಾವಿರಾರು ಎಕರೆ ತೆಗೆದುಕೊಂಡರು. ಮನೆಗೊಂದು ಕೆಲಸ ಅಂದರು. ಕಾರ್ಖಾನೆ ಬರಲಿಲ್ಲ. ಜಮೀನೂ ವಾಪಸ್ ಬರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಧರಣಿ ಕೂತರು. ನಾನೂ ಎಷ್ಟೋ ದಿನ ಕೂತಿದ್ದೇನೆ. ಕೊಟ್ಟ ಜಮೀನಿನಲ್ಲಿ ಜಾಲಿ ಬೆಳೆದಿದೆ. ನಮ್ಮದೇ ಹೊಲ, ಬೇಲಿಯ ಆಚೆ ನಿಂತು ನೋಡಬೇಕು.

ಗಣಿ ಜೋರಾಗಿದ್ದಾಗಲೂ ನೋಡಿದ್ದೇವೆ. ಹೊಲ ಮಾರಿ, ಸಾಲ ಮಾಡಿ ಟಿಪ್ಪರ್ ತೆಗೆದುಕೊಂಡವರು ಊರು ತುಂಬಾ ಇದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತು. ಅಕ್ರಮ ಅಷ್ಟು ನಡೆದಿತ್ತು, ನಿಲ್ಲಿಸಲೇಬೇಕಿತ್ತು. ಆದರೆ ಟಿಪ್ಪರ್ ಡ್ರೈವರ್, ಕ್ಲೀನರ್, ಡಾಬಾದವನು, ಟೈರ್ ಪಂಕ್ಚರ್ ಹಾಕುವವನು, ಇವರ ಬಗ್ಗೆ ಯಾರೂ ಯೋಚನೆ ಮಾಡಲಿಲ್ಲ.


ದಾಲ್ ಮಿಲ್:

ಎಲ್ಲರ ಮಾತು ಓದಿದ ಮೇಲೆ ನನಗೆ ಒಂದು ಸ್ಪಷ್ಟವಾಗುತ್ತಿದೆ. ನಾವು ದೊಡ್ಡ ಕಂಪನಿ ಬರಲಿ ಅಂತ ದಾರಿ ಕಾಯುತ್ತಾ ಇದ್ದೇವೆ. ಇಲ್ಲಿ ಬೆಳೆಯುವುದನ್ನು, ಅಗೆಯುವುದನ್ನು ಇಲ್ಲೇ ಒಂದು ಹೆಜ್ಜೆ ಮುಂದೆ ಒಯ್ದರೆ ಕೆಲಸ ಹುಟ್ಟುತ್ತದೆ. ತೊಗರಿ ಬೇಳೆಯಾಗಬೇಕು, ಪಾಕೆಟ್ ಇಲ್ಲೇ ಕಟ್ಟಬೇಕು. ರಾಯಚೂರಿನ ಹತ್ತಿ ಬೇಲ್ ಆಗಿ ತಮಿಳುನಾಡಿಗೆ ಹೋಗುವ ಬದಲು ಇಲ್ಲೇ ನೂಲಾಗಬೇಕು. ನಿಜಾಮರ ಕಾಲದ ಎಂಎಸ್‌ಕೆ ಬಟ್ಟೆ ಮಿಲ್ ಕಲಬುರಗಿಯಲ್ಲಿ ಇದ್ದದ್ದೇ ಅದಕ್ಕೆ. ಪಾಳಿಯ ಭೋಂಗಾ ಕೇಳಿ ಊರಿನವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಅಂತ ನನ್ನ ಅಪ್ಪ ಹೇಳುತ್ತಿದ್ದರು.

2023ರ ಮಾರ್ಚ್‌ನಲ್ಲಿ ಕೇಂದ್ರ ಏಳು ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಿಸಿತು. ಅದರಲ್ಲಿ ಒಂದು ನಮ್ಮ ಕಲಬುರಗಿಗೆ, 1,000 ಎಕರೆ. ನನಗೆ ಇದರ ಮೇಲೆ ಆಸೆ ಇದೆ. ಹೊಲಿಗೆ ಕೆಲಸದಲ್ಲಿ ಹಾಕಿದ ದುಡ್ಡಿಗೆ ಸಿಮೆಂಟ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಜನಕ್ಕೆ ಕೆಲಸ. ಅದೂ ಹೆಣ್ಣುಮಕ್ಕಳಿಗೆ. ಆದರೆ ಹಾಸ್ಟೆಲ್, ಬಸ್, ಕೂಸಿನ ಮನೆ ಇಲ್ಲದೆ ತಾಂಡಾದ ಹೆಣ್ಣುಮಗಳು ಅಲ್ಲಿಗೆ ಹೇಗೆ ಬರುತ್ತಾಳೆ? ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ 2023-24ರಿಂದ ವರ್ಷಕ್ಕೆ 5,000 ಕೋಟಿ ಇಡುತ್ತಿದ್ದಾರೆ. ಸಿಸಿ ರಸ್ತೆಗೆ, ಸಮುದಾಯ ಭವನಕ್ಕೆ ಹಾಕುವುದು ಸಾಕು. ಅದರಲ್ಲಿ ಒಂದು ಪಾಲು ಇದಕ್ಕೆ ಹಾಕಲಿ. ಅಕ್ಕಾವ್ರು ಹೇಳಿದ ಆ ಮೊದಲ ಸಾಲದ ಜಾಮೀನು ಸರ್ಕಾರವೇ ಹೊರಲಿ.

ಸೇಡಂ ತಮ್ಮಾ, ಒಂದು ಮಾತು. ಬೇಳೆಯ ತೇವಾಂಶ, ಗುಣಮಟ್ಟ ನೋಡಲು ನಮಗೂ ಕೆಮಿಸ್ಟ್ರಿ ಗೊತ್ತಿರುವವರು ಬೇಕು. ನಮ್ಮಂಥ ಐದಾರು ಮಿಲ್‌ನವರು ಸೇರಿ ಒಂದು ಸಣ್ಣ ಲ್ಯಾಬ್ ಮಾಡೋಣ ಅಂತ ಮಾತಾಡುತ್ತಿದ್ದೇವೆ. ಸಂಬಳ ಬೆಂಗಳೂರಿನಷ್ಟು ಇರುವುದಿಲ್ಲ. ತಮ್ಮನ ನಂಬರ್ ನನಗೆ ಖಾಸಗಿಯಾಗಿ ಕಳಿಸು.


ಲಿಂಗಸುಗೂರು, ಸದ್ಯ ಧಾರವಾಡ:

ಸಾವ್ಕಾರ್ರೇ, ಓದಿ ಮನಸ್ಸಿಗೆ ಸಮಾಧಾನವಾಯಿತು.

ಇನ್ನೊಂದು ಕೆಲಸ ನಾವೇ ಮಾಡಬಹುದು. 371ಜೆ ಅಡಿ ನಮ್ಮ ನಮ್ಮ ತಾಲ್ಲೂಕಿನಲ್ಲಿ ಯಾವ ಇಲಾಖೆಯಲ್ಲಿ ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಖಾಲಿ, ಯಾವಾಗಿನಿಂದ ಖಾಲಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಹಾಗಾಗಿ ಇಲಾಖೆಗೆ ಒಂದೊಂದು ಅರ್ಜಿ. ಉತ್ತರಕ್ಕೆ 30 ದಿನ. ನಾನು ಲಿಂಗಸುಗೂರಿನದು ಹಾಕುತ್ತೇನೆ. ಮಾಸ್ತರ್ ಸರ್ಕಾರಿ ನೌಕರರು, ಅವರು ಬೇಡ. ದೇವದುರ್ಗದ್ದು ನನ್ನ ರೂಮ್‌ಮೇಟ್ ಹಾಕುತ್ತಾನೆ. ಸೇಡಂ, ಚಿತ್ತಾಪುರ ಯಾರು?


ಸೇಡಂ ಹುಡುಗ:

ಎರಡೂ ನಾನು. ಸೋಮವಾರ ಆರೋಗ್ಯ ಇಲಾಖೆಯಿಂದ ಶುರು ಮಾಡುತ್ತೇನೆ. ನಮ್ಮ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕುರ್ಚಿ ಖಾಲಿ ಇರುವುದನ್ನು ನಾನೇ ನೋಡಿದ್ದೇನೆ. ಎಷ್ಟು ವರ್ಷದಿಂದ ಅಂತ ಅವರು ಬರೆದು ಕೊಡಲಿ.

ದಾಲ್ ಮಿಲ್ ಅಣ್ಣಾ, ನಂಬರ್ ಕಳಿಸಿದ್ದೇನೆ. ತಮ್ಮ ಬೆಳಿಗ್ಗೆ ಬೆಂಗಳೂರು ಮುಟ್ಟಿದ. ಫೋನ್ ಮಾಡಿದ್ದ. ರೂಮಿನಲ್ಲಿ ಎಂಟು ಜನ ಇದ್ದಾರಂತೆ, ಆರು ಜನ ನಮ್ಮ ಜಿಲ್ಲೆಯವರೇ. ರೊಟ್ಟಿ ಎಲ್ಲರೂ ಹಂಚಿಕೊಂಡು ತಿಂದರಂತೆ. ಲ್ಯಾಬ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅಣ್ಣಾ, ಯಾವಾಗಿನಿಂದ ಅಂತ ಕೇಳಿದ.